ಬ್ಯಾಟರಿ ಮೇಲಿನ ‘ಗೂಢಚಾರ ಚಿಪ್’ ಮತ್ತು ಪುಸ್ತಕ ಕಟ್ಟುತ್ತಿದ್ದ ಹುಡುಗ: ಮೈಕೆಲ್ ಫ್ಯಾರಡೆ ಕಥೆ

ಕೆಲವು ವರ್ಷಗಳ ಹಿಂದೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೋ ಬಂತು. ಅದು ನಿಮಗೂ ಬಂದಿರಬಹುದು. ಫೋನಿನ ಹಿಂಬದಿ ತೆಗೆದು, ಬ್ಯಾಟರಿಯ ಮೇಲಿನ ಸ್ಟಿಕ್ಕರನ್ನು ಒಬ್ಬರು ಉಗುರಿನಿಂದ ಮೆಲ್ಲಗೆ ಕೀಳುತ್ತಾರೆ. ಸ್ಟಿಕ್ಕರ್ ಒಳಗೆ ತಾಮ್ರದ ಬಣ್ಣದ ತೆಳು ಗೆರೆಗಳ ಸುರುಳಿ ಕಾಣುತ್ತದೆ. ಇದು ನಿಮ್ಮ ಫೋಟೋ, ಮಾತುಕತೆಗಳನ್ನೆಲ್ಲ ಕದ್ದು ಕಂಪನಿಗೆ ಕಳಿಸುವ ಚಿಪ್, ಈಗಲೇ ಕಿತ್ತು ಬಿಸಾಡಿ, ಎಲ್ಲರಿಗೂ ಕಳಿಸಿ ಎಂಬುದು ಅದರ ಸಂದೇಶ.

ನಮ್ಮ ಸೋದರಮಾವ ಅದನ್ನು ನಂಬಿ ತಮ್ಮ ಫೋನಿನ ಸ್ಟಿಕ್ಕರ್ ಕಿತ್ತು ಹಾಕಿದರು. ಫೋನ್ ಎಂದಿನಂತೆ ನಡೆಯಿತು. ವಿಡಿಯೋ ಹೇಳಿದ್ದು ನಿಜ ಎನ್ನಲು ಅವರಿಗೆ ಅಷ್ಟು ಸಾಕಾಗಿತ್ತು. ಆರು ತಿಂಗಳ ನಂತರ, ಫೋನನ್ನು ತಾಗಿಸಿದರೆ ಸಾಕು ಜೋಡಿಯಾಗುವ ಒಂದು ಸ್ಪೀಕರ್ ಮನೆಗೆ ಬಂತು. ಎಷ್ಟು ತಾಗಿಸಿದರೂ ಮಾವನ ಫೋನಿಗೆ ಮಾತ್ರ ಅದು ಓಗೊಡಲಿಲ್ಲ. ಏಕೆಂದರೆ ಅವರು ಕಿತ್ತು ಎಸೆದಿದ್ದು ಎನ್‌ಎಫ್‌ಸಿ ಆಂಟೆನಾ. ಅದಕ್ಕೆ ಮೈಕ್ ಇಲ್ಲ, ಮೆಮೊರಿ ಇಲ್ಲ, ಯೋಚಿಸುವ ಶಕ್ತಿಯಂತೂ ಇಲ್ಲವೇ ಇಲ್ಲ. ಅದು ಬರೀ ಒಂದು ಸುರುಳಿ.

ಇಂಥ ಭಾಗಗಳಿಗೆ ಎಲೆಕ್ಟ್ರಾನಿಕ್ಸ್‌ನಲ್ಲಿ ಪ್ಯಾಸಿವ್ ಬಿಡಿಭಾಗಗಳು ಎನ್ನುತ್ತಾರೆ. ಕರೆಂಟಿನ ಓಟಕ್ಕೆ ಅಡ್ಡಿ ಮಾಡುವ ರೆಸಿಸ್ಟರ್, ವಿದ್ಯುದಾವೇಶವನ್ನು ಹಿಡಿದಿಟ್ಟು ಬಿಡುವ ಕೆಪಾಸಿಟರ್, ಕಾಂತಕ್ಷೇತ್ರದಲ್ಲಿ ಶಕ್ತಿ ಕೂಡಿಡುವ ಸುರುಳಿ ಅಂದರೆ ಇಂಡಕ್ಟರ್. ಇವು ಸಿಗ್ನಲ್ಲನ್ನು ದೊಡ್ಡದು ಮಾಡುವುದಿಲ್ಲ, ಲೆಕ್ಕ ಹಾಕುವುದಿಲ್ಲ. ಆದರೆ ಇವಿಲ್ಲದೆ ಯಾವ ಚಿಪ್ಪೂ ನಡೆಯುವುದಿಲ್ಲ. ಇವುಗಳಲ್ಲಿ ಕೆಲವನ್ನು ನೀವು ಫೋನ್ ಬಿಚ್ಚಿದರೂ ನೋಡಲಾರಿರಿ. ಅವನ್ನು ಸಿರಾಮಿಕ್ ಹಾಳೆಗಳ ನಡುವೆ ಅಚ್ಚು ಹಾಕಿ, ಒತ್ತಿ, ಬೇಯಿಸಿ, ಒಳಗೇ ಹುದುಗಿಸಿರುತ್ತಾರೆ.

ಈ ಸುರುಳಿಯ ಗುಟ್ಟನ್ನು, ಕೆಪಾಸಿಟರಿನ ನಡುವಿನ ಪದರದ ಗುಟ್ಟನ್ನು ಮತ್ತು ಬಿಸಿಯಾದಂತೆ ಗುಣ ಬದಲಿಸುವ ಒಂದು ಬಗೆಯ ರೆಸಿಸ್ಟರಿನ ಗುಟ್ಟನ್ನು ಒಂದೇ ನೆಲಮಾಳಿಗೆಯಲ್ಲಿ ಕೂತು ಬಿಡಿಸಿದ ಮನುಷ್ಯ ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಅವರು ಮೊದಲು ಕಲಿತ ಕಸುಬು ಪುಸ್ತಕ ಕಟ್ಟುವುದು. ಅವರ ಹೆಸರು ಮೈಕೆಲ್ ಫ್ಯಾರಡೆ.

ಕಮ್ಮಾರನ ಮಗ, ಬೈಂಡಿಂಗ್ ಅಂಗಡಿಯ ಹುಡುಗ

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ಲಂಡನ್ ನಗರದೊಳಗೆ ಸೇರಿಹೋಗಿರುವ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರ. ಆರೋಗ್ಯ ಕೈಕೊಡುತ್ತಿದ್ದುದರಿಂದ ಅವರಿಗೆ ದಿನವೂ ಕೆಲಸ ಮಾಡಲಾಗುತ್ತಿರಲಿಲ್ಲ. ನಾಲ್ಕು ಮಕ್ಕಳ ಮನೆಯಲ್ಲಿ ಮೈಕೆಲ್ ಮೂರನೆಯವನು. ಓದು, ಬರಹ, ಒಂದಿಷ್ಟು ಲೆಕ್ಕ ಕಲಿಯುವಷ್ಟರಲ್ಲಿ ಶಾಲೆ ಮುಗಿಯಿತು.

1805ರಲ್ಲಿ, 14ನೇ ವಯಸ್ಸಿಗೆ, ಜಾರ್ಜ್ ರಿಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಬೈಂಡಿಂಗ್ ಕಲಿಯಲು ಸೇರಿಕೊಂಡ. ಏಳು ವರ್ಷದ ಕರಾರು. ಹಾಳೆಗಳನ್ನು ಸರಿಯಾಗಿ ಜೋಡಿಸುವುದು, ದಬ್ಬಳದಿಂದ ತೂತು ಕೊರೆಯುವುದು, ದಾರ ಪೋಣಿಸಿ ಹೊಲಿಯುವುದು, ಅಂಟು ಹಚ್ಚಿ ಭಾರದಡಿ ಒತ್ತಿಡುವುದು. ಒಂದು ಹಾಳೆ ಕೂದಲೆಳೆಯಷ್ಟು ಜರುಗಿದರೂ ಪುಸ್ತಕ ಸೊಟ್ಟಗಾಗುತ್ತದೆ. ಈ ಕೆಲಸವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಟ್ಟಲು ಬಂದ ಪುಸ್ತಕಗಳನ್ನು ಹುಡುಗ ಓದತೊಡಗಿದ. ಬ್ರಿಟಾನಿಕಾ ವಿಶ್ವಕೋಶದಲ್ಲಿದ್ದ ವಿದ್ಯುತ್ ಕುರಿತ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನಶಾಸ್ತ್ರವನ್ನು ಸಂಭಾಷಣೆಯ ರೂಪದಲ್ಲಿ ತಿಳಿಸಿದ ಪುಸ್ತಕ, ಇವೆರಡೂ ಅವನನ್ನು ಹಿಡಿದುಬಿಟ್ಟವು. ಓದಿದ್ದನ್ನು ಹಾಗೆಯೇ ನಂಬಲಿಲ್ಲ. ಕೈಗೆಟುಕುವ ಖರ್ಚಿನಲ್ಲಿ ಸಾಮಾನು ತಂದು, ಪುಸ್ತಕ ಹೇಳಿದಂತೆ ಆಗುತ್ತದೆಯೇ ಎಂದು ಅಂಗಡಿಯಲ್ಲೇ ಮಾಡಿ ನೋಡಿದ.

ಇಲ್ಲೊಂದು ಫಾರ್ವರ್ಡ್ ವಿಷಯ ಹೇಳಿಬಿಡಬೇಕು. ಶಾಲೆಗೇ ಹೋಗದ ಫ್ಯಾರಡೆ ಮಹಾ ವಿಜ್ಞಾನಿಯಾದರು, ಹಾಗಾಗಿ ಓದು ಮುಖ್ಯವಲ್ಲ ಎಂಬ ಪೋಸ್ಟರ್ ಆಗಾಗ ಹರಿದಾಡುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಜ. ಶಾಲೆ ಕಡಿಮೆ, ಆದರೆ ಕಲಿಕೆ ಕಡಿಮೆಯಿರಲಿಲ್ಲ. 1810ರಿಂದ ಜಾನ್ ಟೇಟಂ ಎಂಬವರ ಮನೆಯಲ್ಲಿ ನಡೆಯುತ್ತಿದ್ದ ಸಂಜೆ ಉಪನ್ಯಾಸಗಳಿಗೆ ಅವನು ಹೋಗುತ್ತಿದ್ದ. ಒಂದು ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್ ಶುಲ್ಕ. ಆ ದುಡ್ಡು ಕೊಡುತ್ತಿದ್ದವನು ತಂದೆಯ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟ್. ಅಲ್ಲಿ ಸೇರುತ್ತಿದ್ದ ಗೆಳೆಯರ ಕೂಟದಲ್ಲಿ ಪ್ರಶ್ನೆ ಕೇಳುವುದನ್ನೂ ತಿದ್ದಿಸಿಕೊಳ್ಳುವುದನ್ನೂ ಕಲಿತ. ಅವನಿಗೆ ತಪ್ಪಿದ್ದು ಗಣಿತ ಮಾತ್ರ. ಆ ಕೊರತೆ ಜೀವನಪೂರ್ತಿ ಉಳಿಯಿತು. ಅವರ ಕಲ್ಪನೆಗಳನ್ನು ಗಣಿತದ ಭಾಷೆಗೆ ತಂದವರು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್.

ಡೇವಿಯ ಸಹಾಯಕ

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಹುಡುಗನ ಆಸಕ್ತಿ ನೋಡಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ನಡೆಯುತ್ತಿದ್ದ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಟಿಕೆಟ್ ಕೊಟ್ಟರು. ಡೇವಿ ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞ, ಸೊಗಸಾದ ಮಾತುಗಾರ. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರಗಳೊಂದಿಗೆ ಶುದ್ಧ ಪ್ರತಿ ಮಾಡಿ, ತನ್ನ ಕೈಯಾರೆ ಬೈಂಡ್ ಮಾಡಿ, ಕೆಲಸ ಬೇಡುವ ಪತ್ರದೊಂದಿಗೆ ಡೇವಿಗೇ ಕಳಿಸಿದ. ಕಸುಬು ಕಲಿತ ಕೈಯೇ ಅವನ ಅರ್ಜಿಯಾಯಿತು.

ಡೇವಿಯ ಪ್ರಯೋಗಾಲಯದಲ್ಲಿ ಜಾಗ ಖಾಲಿಯಾದಾಗ, 1813ರ ಮಾರ್ಚ್‌ನಲ್ಲಿ, ಆ ಕೆಲಸ ಸಿಕ್ಕಿತು. ಮೇಲ್ಮಹಡಿಯಲ್ಲಿ ಎರಡು ಕೋಣೆ, ಉರಿಸಲು ಕಲ್ಲಿದ್ದಲು, ಮೇಣದಬತ್ತಿ ಸಂಬಳದ ಜೊತೆಗೆ. ಅದೇ ವರ್ಷ ಡೇವಿ ದಂಪತಿ ಯುರೋಪ್ ಪ್ರವಾಸ ಹೊರಟರು. ಡೇವಿಯ ಆಳು ಬರಲೊಪ್ಪಲಿಲ್ಲ. ಆ ಕೆಲಸವೂ ಫ್ಯಾರಡೆಯ ತಲೆ ಮೇಲೆ ಬಂತು. ಡೇವಿಯ ಪತ್ನಿ ಅವನನ್ನು ಮನೆಯಾಳಿನಂತೆಯೇ ನಡೆಸಿಕೊಂಡರು. ಅವಮಾನ ನುಂಗಿಕೊಂಡು, ಒಂದೂವರೆ ವರ್ಷದಲ್ಲಿ ಆಂಪೇರ್, ವೋಲ್ಟಾರಂಥವರನ್ನು ಕಣ್ಣಾರೆ ನೋಡಿ ಬಂದ ಹುಡುಗ, 1821ರ ಹೊತ್ತಿಗೆ ತಾನೇ ಸಂಶೋಧಕನಾಗಿದ್ದ.

ಆ ವರ್ಷ ಎರಡು ಮುಖ್ಯ ಘಟನೆಗಳು ನಡೆದವು. ಸಾರಾ ಬರ್ನಾರ್ಡ್ ಜೊತೆ ಮದುವೆಯಾಯಿತು. ಮತ್ತೊಂದು, ಕರೆಂಟ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ನಿಲ್ಲದೆ ತಿರುಗುವಂತೆ ಫ್ಯಾರಡೆ ಮಾಡಿ ತೋರಿಸಿದರು. ಎಲ್ಲ ವಿದ್ಯುತ್ ಮೋಟಾರುಗಳಿಗೂ ಅದೇ ಮೂಲ. ಆದರೆ ಅವಸರದಲ್ಲಿ ಪ್ರಕಟಿಸಿದ ಬರಹದಲ್ಲಿ, ಅದೇ ವಿಷಯದಲ್ಲಿ ಮೊದಲು ಕೈಹಾಕಿದ್ದ ವೊಲಾಸ್ಟನ್ ಎಂಬ ಹಿರಿಯರ ಹೆಸರು ಬಿಟ್ಟುಹೋಯಿತು. ಕದ್ದ ವಿಚಾರ ಎಂಬ ಗುಸುಗುಸು ಎದ್ದಿತು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಫ್ಯಾರಡೆ ಹೆಸರು ಬಂದಾಗ, ಆಗ ಅದರ ಅಧ್ಯಕ್ಷರಾಗಿದ್ದ ಡೇವಿಯೇ ವಿರೋಧಿಸಿದರು. ಆದರೂ ಅವರು ಆಯ್ಕೆಯಾದರು. ಗುಟ್ಟಿನ ಮತದಾನದಲ್ಲಿ ವಿರುದ್ಧ ಬಿದ್ದದ್ದು ಒಂದೇ ಮತ.

ಸೋತ ಗಾಜು

ದೂರದರ್ಶಕಗಳಿಗೆ ಒಳ್ಳೆಯ ಗಾಜು ತಯಾರಿಸುವ ಕೆಲಸವನ್ನು ರಾಯಲ್ ಸೊಸೈಟಿಯ ಸಮಿತಿಯೊಂದು ಫ್ಯಾರಡೆಗೆ ವಹಿಸಿತ್ತು. 1827ರಲ್ಲಿ ಇನ್‌ಸ್ಟಿಟ್ಯೂಷನ್ನಿನ ಕಟ್ಟಡದಲ್ಲೇ ಕುಲುಮೆ ಕಟ್ಟಿಸಿಕೊಂಡು, ಸೀಸ, ಬೋರಾನ್ ಮತ್ತು ಮರಳಿನಲ್ಲಿರುವ ಸಿಲಿಕಾ ಕೂಡಿದ ಭಾರದ ಗಾಜುಗಳನ್ನು ಕರಗಿಸಿ ಕರಗಿಸಿ ನೋಡಿದರು. ವರ್ಷಗಟ್ಟಲೆ ಬೆವರು ಸುರಿಸಿದರೂ ದೂರದರ್ಶಕಕ್ಕೆ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಬೇಸತ್ತು ಆ ಕೆಲಸ ಬಿಟ್ಟರು.

ಆದರೆ ಗಾಜಿನ ತುಂಡುಗಳನ್ನು ಎಸೆಯಲಿಲ್ಲ. 1845ರಲ್ಲಿ ಅದೇ ಭಾರದ ಗಾಜನ್ನು ಅಯಸ್ಕಾಂತದ ಧ್ರುವಗಳ ಬಳಿ ಇಟ್ಟು, ಅದರ ಮೂಲಕ ಧ್ರುವೀಕರಿಸಿದ ಬೆಳಕು ಹಾಯಿಸಿದಾಗ, ಬೆಳಕಿನ ಕಂಪನದ ದಿಕ್ಕೇ ತುಸು ತಿರುಗಿತು. ಬೆಳಕಿಗೂ ಕಾಂತಕ್ಕೂ ಸಂಬಂಧವಿದೆ ಎಂಬುದಕ್ಕೆ ಮೊದಲ ಪುರಾವೆ ಅದು. ಕುಲುಮೆ ನೋಡಿಕೊಳ್ಳಲು ಬಂದಿದ್ದ ನಿವೃತ್ತ ಸೈನಿಕ ಸಾರ್ಜೆಂಟ್ ಆಂಡರ್ಸನ್, ಗಾಜಿನ ಕೆಲಸ ನಿಂತ ಮೇಲೂ ದಶಕಗಳ ಕಾಲ ಫ್ಯಾರಡೆಯ ಸಹಾಯಕರಾಗಿ ಉಳಿದರು.

ದಾರ, ಬಟ್ಟೆ, ತಂತಿ: 1831

ಈಗ ಮಾವ ಕಿತ್ತು ಎಸೆದ ಸುರುಳಿಗೆ ಬರೋಣ.

ಕರೆಂಟಿನಿಂದ ಕಾಂತಶಕ್ತಿ ಬರುತ್ತದೆ ಎಂದು 1820ರಲ್ಲೇ ಗೊತ್ತಾಗಿತ್ತು. ಹಾಗಾದರೆ ಕಾಂತಶಕ್ತಿಯಿಂದ ಕರೆಂಟ್ ಬರಬೇಡವೇ? ಹತ್ತು ವರ್ಷ ಅನೇಕರು ತಲೆ ಕೆಡಿಸಿಕೊಂಡರು. 1831ರ ಆಗಸ್ಟ್ 29ರಂದು ಫ್ಯಾರಡೆ ಸುಮಾರು 15 ಸೆಂಟಿಮೀಟರ್ ಅಗಲದ ಮೆದು ಕಬ್ಬಿಣದ ಉಂಗುರ ತೆಗೆದುಕೊಂಡರು. ಅದರ ಒಂದು ಬದಿಗೂ ಇನ್ನೊಂದು ಬದಿಗೂ ಬೇರೆ ಬೇರೆಯಾಗಿ ತಾಮ್ರದ ತಂತಿ ಸುತ್ತಿದರು.

ಈಗಿನಂತೆ ಮೇಲೆ ಮೆರುಗೆಣ್ಣೆ ಲೇಪಿಸಿದ ತಂತಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅವರು ಬಳಸಿದ್ದು ಬರಿಯ ತಂತಿ. ಒಂದು ಸುತ್ತು ಇನ್ನೊಂದಕ್ಕೆ ತಾಗಿದರೆ ಕರೆಂಟ್ ಅಡ್ಡದಾರಿ ಹಿಡಿಯುತ್ತದೆ. ಅದಕ್ಕೆ ಸುತ್ತುಗಳ ನಡುವೆ ಹುರಿದಾರ ಓಡಿಸಿದರು, ಒಂದು ಪದರ ಮುಗಿದ ಮೇಲೆ ಹತ್ತಿಬಟ್ಟೆ ಹೊದಿಸಿದರು, ಅದರ ಮೇಲೆ ಮತ್ತೆ ತಂತಿ, ಮತ್ತೆ ಬಟ್ಟೆ. ಆ ಕ್ಯಾಲಿಕೊ ಬಟ್ಟೆಗೆ ಹೆಸರು ಬಂದದ್ದು ನಮ್ಮ ಪಕ್ಕದ ಕೇರಳದ ಕ್ಯಾಲಿಕಟ್‌ನಿಂದ. ಕರೆಂಟ್ ಹರಿಯುವ ಒಂದು ಪದರ, ಹರಿಯದ ಒಂದು ಪದರ. ಬೈಂಡಿಂಗ್ ಅಂಗಡಿಯ ತಾಳ್ಮೆಯೇ ಇಲ್ಲಿ ಕೆಲಸಕ್ಕೆ ಬಂತು.

ಒಂದು ಬದಿಯ ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣ, ಇನ್ನೊಂದು ಬದಿಯ ತಂತಿಯ ಬಳಿ ಇಟ್ಟಿದ್ದ ಸೂಜಿ ಅಲುಗಿ ಮತ್ತೆ ಸುಮ್ಮನಾಯಿತು. ಬ್ಯಾಟರಿ ತೆಗೆದ ಕ್ಷಣ ಮತ್ತೊಮ್ಮೆ ಅಲುಗಿತು. ಕರೆಂಟ್ ಒಂದೇ ಸಮನೆ ಹರಿಯುವಾಗ ಏನೂ ಇಲ್ಲ. ಹತ್ತು ವರ್ಷ ಎಲ್ಲರೂ ಎಡವಿದ್ದು ಇಲ್ಲೇ. ಬೇಕಾಗಿದ್ದು ಕಾಂತಶಕ್ತಿಯಲ್ಲ, ಕಾಂತಶಕ್ತಿಯಲ್ಲಿ ಆಗುವ ಬದಲಾವಣೆ. ಅಕ್ಟೋಬರ್ 17ರಂದು ಸುರುಳಿಯೊಳಗೆ ಅಯಸ್ಕಾಂತ ತೂರಿಸಿ, ಹೊರಗೆಳೆದು, ಅದರಿಂದಲೂ ಕರೆಂಟ್ ಹುಟ್ಟಿಸಿದರು. ಅಮೆರಿಕದಲ್ಲಿ ಜೋಸೆಫ್ ಹೆನ್ರಿ ಎಂಬ ಶಿಕ್ಷಕ ಇದೇ ವಿಷಯವನ್ನು ಸ್ವತಂತ್ರವಾಗಿ ಕಂಡಿದ್ದರು. ಅದಕ್ಕೇ ಸುರುಳಿಯ ಅಳತೆಯ ಮಾನಕ್ಕೆ ಇಂದು ಹೆನ್ರಿ ಎಂದೇ ಹೆಸರು.

ನಮ್ಮ ಮೆಟ್ರೋ ಗೇಟಿಗೆ ಕಾರ್ಡ್ ತಾಗಿಸುತ್ತೀರಲ್ಲ, ಅಲ್ಲಿ ನಡೆಯುವುದು ಇದೇ. ಗೇಟಿನ ಸುರುಳಿಯಲ್ಲಿ ಕ್ಷಣಕ್ಷಣವೂ ಬದಲಾಗುವ ಕಾಂತಕ್ಷೇತ್ರ, ಕಾರ್ಡಿನೊಳಗಿನ ಸುರುಳಿಯಲ್ಲಿ ಹುಟ್ಟುವ ಕರೆಂಟ್. ಕಾರ್ಡಿಗೆ ಬ್ಯಾಟರಿ ಇಲ್ಲದಿದ್ದರೂ ಅದರ ಚಿಪ್ ಎಚ್ಚರಗೊಳ್ಳುವುದು ಹೀಗೆ. ಕೆಲವೇ ಸೆಂಟಿಮೀಟರ್ ದೂರ ಸರಿದರೆ ಸಂಪರ್ಕ ತಪ್ಪುತ್ತದೆ. ಬ್ಯಾಟರಿ ಮೇಲಿನ ಆ ಸುರುಳಿ ಮನೆಯ ಮಾತು ಕೇಳಿಸಿಕೊಂಡು ವಿದೇಶಕ್ಕೆ ಕಳಿಸುತ್ತದೆ ಎಂಬುದು ಸುಳ್ಳು ಎನ್ನಲು ಇಷ್ಟು ಸಾಕು.

ಬಿಸಿಯಾದರೆ ದಾರಿ ಬಿಡುವ ವಸ್ತು: 1833

ಲೋಹ ಬಿಸಿಯಾದಂತೆ ಅದರಲ್ಲಿ ಕರೆಂಟ್ ಹರಿಯುವುದು ಕಷ್ಟವಾಗುತ್ತದೆ. 1833ರಲ್ಲಿ ಫ್ಯಾರಡೆ ಬೆಳ್ಳಿ ಮತ್ತು ಗಂಧಕದ ಸಂಯುಕ್ತವಾದ ಸಿಲ್ವರ್ ಸಲ್ಫೈಡನ್ನು ಬಿಸಿ ಮಾಡಿ ನೋಡಿದಾಗ ಆದದ್ದು ತದ್ವಿರುದ್ಧ. ಬಿಸಿ ಏರಿದಂತೆ ಕರೆಂಟ್ ಇನ್ನಷ್ಟು ಸಲೀಸಾಗಿ ಹರಿಯಿತು. ಕಾರಣ ತಿಳಿಯಲು ನೂರು ವರ್ಷ ಕಾಯಬೇಕಾಯಿತು. ಫ್ಯಾರಡೆ ಕಂಡದ್ದನ್ನು ಕಂಡಂತೆ ಬರೆದಿಟ್ಟರು.

ಬಿಸಿಲಿನಲ್ಲಿ ಫೋನ್ ಚಾರ್ಜ್‌ಗೆ ಹಾಕಿದಾಗ, ತಣ್ಣಗಾಗುವವರೆಗೆ ಚಾರ್ಜಿಂಗ್ ನಿಲ್ಲಿಸಲಾಗಿದೆ ಎಂಬ ಸೂಚನೆ ಬರುವುದುಂಟು. ಬ್ಯಾಟರಿಯ ಬಿಸಿಯನ್ನು ಫೋನಿಗೆ ತಿಳಿಸುವುದು ಥರ್ಮಿಸ್ಟರ್ ಎಂಬ ಪುಟ್ಟ ರೆಸಿಸ್ಟರ್. ಮ್ಯಾಂಗನೀಸ್, ನಿಕ್ಕಲ್‌ನಂಥ ಲೋಹಗಳ ಆಕ್ಸೈಡ್ ಬೇಯಿಸಿ ಮಾಡಿದ ಸಿರಾಮಿಕ್ ಅದು. ಅದು ತೋರುವುದು ಫ್ಯಾರಡೆ ಕಂಡ ಗುಣವನ್ನೇ: ಬಿಸಿ ಏರಿದಂತೆ ಅಡ್ಡಿ ಇಳಿಯುತ್ತದೆ. ನಿಮ್ಮ ಬ್ಯಾಟರಿ ಉಬ್ಬದಂತೆ, ಹೊತ್ತಿಕೊಳ್ಳದಂತೆ ಕಾಯುವವರಲ್ಲಿ ಇದೂ ಒಂದು.

ನಡುವಿನ ಪದರ ಸುಮ್ಮನಿಲ್ಲ: 1837

ಎರಡು ಲೋಹದ ತಗಡು, ನಡುವೆ ಕರೆಂಟ್ ಹರಿಯದ ಒಂದು ವಸ್ತು. ಕೆಪಾಸಿಟರ್ ಎಂದರೆ ಇಷ್ಟೇ. ಆವೇಶವೆಲ್ಲ ಲೋಹದ ಮೇಲಿರುತ್ತದೆ, ನಡುವಿನದ್ದು ಬರೀ ತಡೆಗೋಡೆ ಎಂದು ಆಗಿನ ಹೆಚ್ಚಿನವರು ಭಾವಿಸಿದ್ದರು. ಫ್ಯಾರಡೆಗೆ ಇದು ಒಪ್ಪಿಗೆಯಾಗಲಿಲ್ಲ.

ಅವರು ಒಂದರೊಳಗೊಂದು ಕೂರುವ ಹಿತ್ತಾಳೆ ಗೋಳಗಳ ಎರಡು ಸಾಧನಗಳನ್ನು ಮಾಡಿಸಿದರು. ಎರಡೂ ಪಕ್ಕಾ ಒಂದೇ ಅಳತೆ. ಒಂದರ ನಡುವೆ ಗಾಳಿ ಬಿಟ್ಟರು. ಇನ್ನೊಂದರ ನಡುವೆ ಅರಗು, ಗಂಧಕ, ಗಾಜು ಹೀಗೆ ಒಂದೊಂದಾಗಿ ತುಂಬಿದರು. ಅರಗು ಎಂದರೆ ನಾವು ಲಕೋಟೆಗೆ ಮುದ್ರೆ ಹಾಕಲು, ಬಳೆ ಮಾಡಲು ಬಳಸುತ್ತಿದ್ದ ಅದೇ ಅರಗು. ಒಂದು ಗೋಳಕ್ಕೆ ಆವೇಶ ಕೊಟ್ಟು, ಎರಡನ್ನೂ ತಾಗಿಸಿ, ಯಾವುದು ಎಷ್ಟು ಪಾಲು ಪಡೆಯಿತು ಎಂದು ಅಳೆದರು. ಅರಗು ತುಂಬಿದಾಗ ಗಾಳಿಗಿಂತ ಸುಮಾರು ಎರಡು ಪಟ್ಟು ಆವೇಶ ಹಿಡಿಯಿತು. ಗಂಧಕದಲ್ಲಿ ಇನ್ನೂ ತುಸು ಹೆಚ್ಚು.

ಅಂದರೆ ಕರೆಂಟ್ ಹರಿಯಗೊಡದ ವಸ್ತುವೂ ಸುಮ್ಮನೆ ಕೂತಿಲ್ಲ. ಎಷ್ಟು ಆವೇಶ ಹಿಡಿಯಬಲ್ಲುದು ಎಂಬುದನ್ನು ತೀರ್ಮಾನಿಸುವುದರಲ್ಲಿ ಅದರದ್ದೂ ದೊಡ್ಡ ಪಾಲು. ಏನೂ ಮಾಡುತ್ತಿಲ್ಲ ಎಂದುಕೊಂಡಿದ್ದ ಪದರವೇ ಕೆಲಸಗಾರ ಎಂದು ತಿಳಿದದ್ದು ಹೀಗೆ. 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿದ್ಯುತ್ ತಜ್ಞರ ಅಂತಾರಾಷ್ಟ್ರೀಯ ಸಮ್ಮೇಳನ ಕೆಪಾಸಿಟರಿನ ಮಾನಕ್ಕೆ ಫ್ಯಾರಡ್ ಎಂಬ ಹೆಸರನ್ನು ಒಪ್ಪಿಕೊಂಡಿತು. ಒಂದು ಫ್ಯಾರಡ್ ಬಹಳ ದೊಡ್ಡದು. ನಿಮ್ಮ ಫೋನಿನ ಕೆಪಾಸಿಟರುಗಳ ಲೆಕ್ಕ ಅದರ ಹತ್ತು ಲಕ್ಷದಲ್ಲೊಂದು ಪಾಲಿನಿಂದ ಲಕ್ಷ ಕೋಟಿಯಲ್ಲೊಂದು ಪಾಲಿನವರೆಗೆ ಇಳಿಯುತ್ತದೆ.

ಫೋನಿನೊಳಗಿನ ಸಿರಾಮಿಕ್ ಪುಸ್ತಕ

ಒಂದು ಸ್ಮಾರ್ಟ್‌ಫೋನಿನಲ್ಲಿ ಪ್ಯಾಸಿವ್ ಬಿಡಿಭಾಗಗಳು ನೂರಾರು. ದುಬಾರಿ ಫೋನುಗಳಲ್ಲಿ ಕೆಪಾಸಿಟರುಗಳೇ ಸಾವಿರ ದಾಟುತ್ತವೆ. ಎಲ್ಲವನ್ನೂ ಬೋರ್ಡಿನ ಮೇಲೆ ಬೆಸುಗೆ ಹಾಕುತ್ತಾ ಹೋದರೆ ಜಾಗ ಸಾಲದು. ಅದೂ ಅಲ್ಲದೆ ಬ್ಲೂಟೂತ್, ವೈಫೈನಂಥ ವೇಗದ ಸಿಗ್ನಲ್‌ಗಳಿಗೆ ದಾರಿ ಉದ್ದವಾದಷ್ಟೂ ನಷ್ಟ ಹೆಚ್ಚು. ಅದಕ್ಕೆ ಎಂಜಿನಿಯರುಗಳು ಕೆಲವು ಭಾಗಗಳನ್ನು ಚಿಪ್ ಕೂರುವ ಸಿರಾಮಿಕ್ ತಳದೊಳಗೇ ಹುದುಗಿಸುತ್ತಾರೆ.

ಮಾಡುವ ಬಗೆ ಹೀಗಿದೆ. ಅಲ್ಯೂಮಿನಾ ಎಂಬ ಸಿರಾಮಿಕ್ ಪುಡಿಗೆ ಗಾಜಿನ ಪುಡಿ ಮತ್ತು ಅಂಟು ಬೆರೆಸಿ, ದೋಸೆ ಹಿಟ್ಟಿನಂತೆ ಕಲಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಹರಡಿ ಒಣಗಿಸುತ್ತಾರೆ. ಮಡಚಬಹುದಾದ ಮೆತ್ತನೆಯ ಹಾಳೆ ಸಿಗುತ್ತದೆ. ದಪ್ಪ ಸುಮಾರು 0.1 ಮಿಲಿಮೀಟರ್, ನಿಮ್ಮ ನೋಟ್‌ಬುಕ್ಕಿನ ಹಾಳೆಯಷ್ಟು. ಅದನ್ನು ಕತ್ತರಿಸಿ, ಬೇಕಾದಲ್ಲಿ ಸಣ್ಣ ತೂತು ಕೊರೆದು, ತೂತಿಗೆ ಬೆಳ್ಳಿಯ ಪೇಸ್ಟ್ ತುಂಬುತ್ತಾರೆ. ಮದುವೆ ಕಾರ್ಡಿಗೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವಂತೆಯೇ ಒಂದೊಂದು ಹಾಳೆಯ ಮೇಲೂ ಬೆಳ್ಳಿಯ ಗೆರೆಗಳನ್ನು ಅಚ್ಚು ಹಾಕುತ್ತಾರೆ. ಗೆರೆ ಸುತ್ತಿಕೊಂಡು ಹೋದರೆ ಸುರುಳಿ. ಎರಡು ಹಾಳೆಗಳ ಮೇಲೆ ಎದುರುಬದುರಾಗಿ ಎರಡು ಚೌಕ ಬಂದರೆ ಕೆಪಾಸಿಟರ್. ರುಥೇನಿಯಂ ಆಕ್ಸೈಡ್ ಇರುವ ಪೇಸ್ಟ್ ಬಳಿದರೆ ರೆಸಿಸ್ಟರ್.

ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಬಿಸಿಯಲ್ಲಿ ಒತ್ತಿ ಒಂದಾಗಿಸಿ, ಕೊನೆಗೆ 850ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಅಂಟು ಉರಿದುಹೋಗಿ, ಹಾಳೆಗಳೆಲ್ಲ ಸೇರಿ ಒಂದೇ ಗಟ್ಟಿ ಬಿಲ್ಲೆಯಾಗುತ್ತದೆ. ಹಾಳೆ, ತೂತು, ತೂತಿನಲ್ಲಿ ಹಾಯುವ ಎಳೆ, ಒತ್ತು. ರಿಬೋ ಅಂಗಡಿಯ ಹುಡುಗನಿಗೆ ಈ ಕೆಲಸ ತೋರಿಸಿದ್ದರೆ ಅವನಿಗೆ ಹೊಸದೆನಿಸುತ್ತಿರಲಿಲ್ಲ.

ಗಾಜು ಯಾಕೆ ಬೇಕು? ಅಲ್ಯೂಮಿನಾ ಒಂದನ್ನೇ ಬೇಯಿಸಲು ಸುಮಾರು 1600 ಡಿಗ್ರಿ ಬೇಕು. ಬೆಳ್ಳಿ ಕರಗುವುದು 961 ಡಿಗ್ರಿಯಲ್ಲಿ. ಅಷ್ಟು ಬಿಸಿಯಲ್ಲಿ ಬೆಳ್ಳಿಯ ಗೆರೆಗಳೆಲ್ಲ ಹರಿದುಹೋಗುತ್ತವೆ. ಬೋರಾನ್ ಇರುವ ಗಾಜು ಬೆರೆಸಿದರೆ ಅದು ಬೇಗ ಮೆತ್ತಗಾಗಿ ಸಿರಾಮಿಕ್ ಕಣಗಳನ್ನು ಕಡಿಮೆ ಬಿಸಿಯಲ್ಲೇ ಬೆಸೆಯುತ್ತದೆ. ಫ್ಯಾರಡೆ ಕುಲುಮೆಯಲ್ಲಿ ಕರಗಿಸಿ ಬೇಸತ್ತಿದ್ದ ಗಾಜೂ ಬೋರಾನ್ ಸೇರಿದ್ದೇ. ಅವರ ಗಾಜಿನಿಂದಲೇ ಇದು ಬಂತು ಎಂದು ಹೇಳುತ್ತಿಲ್ಲ. ಎರಡೂ ಒಂದೇ ಕುಟುಂಬದವು, ಅಷ್ಟೇ.

ಈ ಪದ್ಧತಿಗೆ ತೊಡಕುಗಳೂ ಇವೆ. ಕುಂಬಾರರಿಗೆ ಗೊತ್ತಿರುವಂತೆ ಬೇಯಿಸಿದ ಮಣ್ಣು ಕುಗ್ಗುತ್ತದೆ. ಈ ಹಾಳೆಗಳೂ ಸಾಮಾನ್ಯವಾಗಿ ಶೇ. 12ರಿಂದ 15ರಷ್ಟು ಕುಗ್ಗುತ್ತವೆ. ಅದನ್ನು ಲೆಕ್ಕ ಹಾಕಿಯೇ ಮೊದಲು ಗೆರೆಗಳನ್ನು ದೊಡ್ಡದಾಗಿ ಬಿಡಿಸಬೇಕು. ಮೇಲಿರುವ ರೆಸಿಸ್ಟರನ್ನು ಲೇಸರಿನಿಂದ ಕೆತ್ತಿ ಅಳತೆಗೆ ತರಬಹುದು, ಒಳಗೆ ಹುದುಗಿದ್ದನ್ನು ಮುಟ್ಟಲಾಗದು. ಒಂದು ಪದರದಲ್ಲಿ ತಪ್ಪಾದರೆ ಇಡೀ ಬಿಲ್ಲೆ ಕಸದ ಬುಟ್ಟಿಗೆ. ಹಾಗಾಗಿ ಜೋಡಿಸುವ ಮೊದಲೇ ಒಂದೊಂದು ಹಾಳೆಯನ್ನೂ ಪರೀಕ್ಷಿಸುತ್ತಾರೆ. ಹೆಚ್ಚು ಆವೇಶ ಹಿಡಿಯಬೇಕಾದ ದೊಡ್ಡ ಕೆಪಾಸಿಟರುಗಳು ಇಂದಿಗೂ ಬೋರ್ಡಿನ ಮೇಲೆಯೇ ಕೂರುತ್ತವೆ.

ಪಂಜರದೊಳಗೆ ಕುಳಿತವರು

1836ರಲ್ಲಿ ಫ್ಯಾರಡೆ 12 ಅಡಿ ಉದ್ದ, ಅಗಲ, ಎತ್ತರದ ಪಂಜರವೊಂದನ್ನು ಕಟ್ಟಿಸಿ, ಹೊರಗೆಲ್ಲ ಲೋಹದ ಹೊದಿಕೆ ಹಾಕಿಸಿ, ಅದಕ್ಕೆ ಬಲವಾದ ಆವೇಶ ಕೊಡಿಸಿದರು. ಹೊರಗೆ ಕಿಡಿ ಹಾರುತ್ತಿದ್ದಾಗ ಅವರು ಸಾಧನಗಳೊಂದಿಗೆ ಒಳಗಿದ್ದರು. ಒಳಗೆ ಆವೇಶದ ಸುಳಿವೂ ಸಿಗಲಿಲ್ಲ. ಲಿಫ್ಟಿನೊಳಗೆ ನಿಮ್ಮ ಫೋನಿನ ಸಿಗ್ನಲ್ ಬೀಳಲು ಇದೇ ಗುಣ ಕಾರಣ.

ಫೋನಿಗೆ ಅಂಟಿಸಿದರೆ ರೇಡಿಯೇಷನ್ ಹೀರುತ್ತದೆ ಎಂದು ಮಾರುವ ಸ್ಟಿಕ್ಕರ್‌ಗಳ ಬಗ್ಗೆ ಫಾರ್ವರ್ಡ್ ಬಂದರೆ ಈ ಪಂಜರ ನೆನಪಿಸಿಕೊಳ್ಳಿ. ತಡೆಯಬೇಕೆಂದರೆ ಸುತ್ತಲೂ ಲೋಹ ಬೇಕು. ಹಾಗೆ ಸುತ್ತಿದರೆ ಕರೆಯೇ ಬರುವುದಿಲ್ಲ. ಸ್ಟಿಕ್ಕರ್ ಅಲ್ಪಸ್ವಲ್ಪ ಅಡ್ಡ ಬಂದರೂ, ಫೋನ್ ಟವರನ್ನು ಮುಟ್ಟಲು ಇನ್ನೂ ಹೆಚ್ಚು ಶಕ್ತಿಯಲ್ಲಿ ಸಿಗ್ನಲ್ ಕಳಿಸತೊಡಗುತ್ತದೆ.

ಮೇಜು ತಿರುಗಿಸಿದವರು ಯಾರು?

1853ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಹುಚ್ಚು ಹಬ್ಬಿತ್ತು. ನಾಲ್ಕಾರು ಜನ ಮೇಜಿನ ಸುತ್ತ ಕೂತು ಮೇಲೆ ಅಂಗೈ ಇಟ್ಟರೆ, ಮೇಜು ತಾನಾಗಿ ತಿರುಗುತ್ತಿತ್ತು. ಪ್ರೇತ ಎಂದರು ಕೆಲವರು, ವಿದ್ಯುತ್ ಎಂದರು ಕೆಲವರು. ವಿದ್ಯುತ್ ಎಂದ ಮೇಲೆ ಎಲ್ಲರೂ ಕೇಳಿದ್ದು ಫ್ಯಾರಡೆಯನ್ನೇ.

ಅವರು ಗೇಲಿ ಮಾಡಲಿಲ್ಲ. ಕೂತವರು ಮೋಸಗಾರರು ಎಂದೂ ಹೇಳಲಿಲ್ಲ. ಕೆಲವು ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಮೇಣ ಬೆರೆಸಿದ ಮೆತ್ತನೆಯ ಅಂಟು ಹಚ್ಚಿ, ಮೇಜಿನ ಮೇಲಿಟ್ಟು, ಅದರ ಮೇಲೆ ಕೈ ಇಡಲು ಹೇಳಿದರು. ಮತ್ತೆ ಪದರಗಳೇ! ಮೇಜು ಮೊದಲು ಚಲಿಸಿದರೆ ಕೆಳಗಿನ ರಟ್ಟು ಮುಂದೆ ಹೋಗಿರಬೇಕು. ಕೈ ಮೊದಲು ಚಲಿಸಿದರೆ ಮೇಲಿನ ರಟ್ಟು. ನೋಡಿದರೆ ಮೇಲಿನ ರಟ್ಟುಗಳೇ ಹೆಚ್ಚು ಮುಂದೆ ಜರುಗಿದ್ದವು. ಕೂತವರಿಗೇ ಅರಿವಿಲ್ಲದಂತೆ ಅವರ ಕೈ ತಳ್ಳುತ್ತಿತ್ತು. ಆಮೇಲೆ ಕೈಯ ಚಲನೆ ತೋರಿಸುವ ಒಂದು ಮುಳ್ಳನ್ನು ಅವರಿಗೆ ಕಾಣುವಂತೆ ಜೋಡಿಸಿದರು. ಮುಳ್ಳನ್ನು ನೋಡುತ್ತಾ ಕೂತಾಗ ಮೇಜು ಕದಲಲೇ ಇಲ್ಲ. ಆ ಜೂನ್ 30ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಈ ಕುರಿತ ಅವರ ಪತ್ರ ಬಂತು.

ನಮ್ಮಲ್ಲಿ ಬೋರ್‌ವೆಲ್ ಪಾಯಿಂಟ್ ಹುಡುಕಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಇಲ್ಲವೇ ಕವಲು ಕಡ್ಡಿ ಹಿಡಿದು ಹೊಲದಲ್ಲಿ ನಡೆಯುತ್ತಾರಲ್ಲ, ಅಲ್ಲಿ ಕಾಯಿ ಏಳುವುದು, ಕಡ್ಡಿ ಬಾಗುವುದು ಇದೇ ಕಾರಣಕ್ಕೆ. ನೀರು ನೋಡುವವರು ಮೋಸ ಮಾಡುತ್ತಿದ್ದಾರೆ ಎಂದೇನಲ್ಲ, ಅವರ ಕೈ ಅವರಿಗೇ ಗೊತ್ತಾಗದೆ ಕೆಲಸ ಮಾಡುತ್ತದೆ. ಆದರೆ ಅದನ್ನು ನಂಬಿ ಸಾಲ ಮಾಡಿ ಕೊರೆಸಿದ ಬಾವಿಯಲ್ಲಿ ಬರೀ ಧೂಳು ಬಂದರೆ, ನಷ್ಟ ರೈತನದು.

ತೆರಿಗೆಯ ಕಥೆ ನಿಜವೇ?

ಫ್ಯಾರಡೆ ಹೆಸರಿನಲ್ಲಿ ಇನ್ನೊಂದು ಪ್ರಸಿದ್ಧ ಫಾರ್ವರ್ಡ್ ಇದೆ. ಈ ವಿದ್ಯುತ್ತಿನಿಂದ ಏನು ಉಪಯೋಗ ಎಂದು ಮಂತ್ರಿಯೊಬ್ಬರು ಕೇಳಿದರಂತೆ, ಮುಂದೊಂದು ದಿನ ನೀವು ಇದರ ಮೇಲೆ ತೆರಿಗೆ ಹಾಕಬಹುದು ಎಂದು ಇವರು ಉತ್ತರಿಸಿದರಂತೆ. ಕೆಲವು ಪೋಸ್ಟ್‌ಗಳಲ್ಲಿ ಕೇಳಿದವರು ಗ್ಲಾಡ್‌ಸ್ಟನ್, ಕೆಲವರ ಪ್ರಕಾರ ಪೀಲ್. ಕಥೆ ಸೊಗಸಾಗಿದೆ. ಆದರೆ ಇದಕ್ಕೆ ಆ ಕಾಲದ ನಂಬಬಹುದಾದ ದಾಖಲೆ ಇಲ್ಲ. ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಫ್ಯಾರಡೆ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ದಾಖಲೆ ಇರುವುದು ಅವರ ಪ್ರಯೋಗದ ದಿನಚರಿಗೆ. ಅದರಲ್ಲಿ ಸಂಖ್ಯೆ ಹಾಕಿ ಬರೆದ 16 ಸಾವಿರಕ್ಕೂ ಹೆಚ್ಚು ಟಿಪ್ಪಣಿಗಳಿವೆ. ಸೋತ ಪ್ರಯೋಗಗಳೂ ಅದರಲ್ಲಿವೆ.

ಕೊನೆಯ ದಿನಗಳು

1840ರ ಹೊತ್ತಿಗೆ ಅವರ ಆರೋಗ್ಯ ಕೆಟ್ಟಿತು, ನೆನಪು ಕೈಕೊಡತೊಡಗಿತು. ಬರೆದಿಡುವ ಅಭ್ಯಾಸವೇ ಆಸರೆಯಾಯಿತು. ಮಕ್ಕಳಿಗಾಗಿ ನಡೆಯುತ್ತಿದ್ದ ಕ್ರಿಸ್‌ಮಸ್ ಉಪನ್ಯಾಸಗಳನ್ನು ಹತ್ತೊಂಬತ್ತು ಬಾರಿ ಕೊಟ್ಟರು. ಒಂದು ಮೇಣದಬತ್ತಿ ಹಿಡಿದುಕೊಂಡು ಇಡೀ ರಸಾಯನಶಾಸ್ತ್ರ ತೋರಿಸಿದ ಉಪನ್ಯಾಸಮಾಲೆ ಪುಸ್ತಕವಾಗಿ ಇಂದಿಗೂ ಓದುಗರ ಕೈಯಲ್ಲಿದೆ. ಸ್ಯಾಂಡೆಮೇನಿಯನ್ ಎಂಬ ಪುಟ್ಟ ಕ್ರೈಸ್ತ ಪಂಗಡದ ಶ್ರದ್ಧಾವಂತ ಸದಸ್ಯರಾಗಿದ್ದ ಅವರು ಹಣ, ಬಿರುದುಗಳ ಹಿಂದೆ ಹೋಗಲಿಲ್ಲ. ಸರ್ ಪದವಿ ಬೇಡವೆಂದರು. ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನು ಎರಡು ಬಾರಿ ನಿರಾಕರಿಸಿದರು.

1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟ್ ಬಳಿ ಇರಲು ಮನೆ ಕೊಟ್ಟರು. 1867ರ ಆಗಸ್ಟ್ 25ರಂದು ಅಲ್ಲಿಯೇ ತಮ್ಮ ಕುರ್ಚಿಯಲ್ಲಿ ಕೂತಿದ್ದಂತೆ ಕೊನೆಯುಸಿರೆಳೆದರು. ಹೈಗೇಟ್ ಸ್ಮಶಾನದಲ್ಲಿ ಸರಳವಾದ ಸಮಾಧಿಯಿದೆ. ದಾರ, ಬಟ್ಟೆ, ತಂತಿ ಸುತ್ತಿದ ಆ ಕಬ್ಬಿಣದ ಉಂಗುರ ಈಗಲೂ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದೆ.

ಮಾವನಿಗೆ ಆ ಉಂಗುರದ ಫೋಟೋ ತೋರಿಸಿದೆ. ಬ್ಯಾಟರಿಯಿಂದ ಕಿತ್ತಿದ್ದೂ ಇಂಥದ್ದೇ ಸುರುಳಿ ಎಂದೆ. ಸ್ವಲ್ಪ ಹೊತ್ತು ನೋಡಿದರು. ಇದನ್ನೂ ಗ್ರೂಪಿಗೆ ಹಾಕು ಅಂದರು. ಹಾಕಿದ್ದೇನೆ. ಇಂಥ ವಿಡಿಯೋ ಮುಂದೆ ನಿಮಗೆ ಬಂದರೆ, ಉಗುರು ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಹೇಳುವವರು ಮಾಡಿ ನೋಡಿದ್ದಾರೆಯೇ, ಅಥವಾ ಬರೀ ಕಿತ್ತು ತೋರಿಸಿದ್ದಾರೆಯೇ?